ಮಿನುಗಿದ್ದು, ಮೊಳೆತದ್ದು

ಎಂಟು ಡಬ್ಬಿ. ಮೀನಿನ ಚೀಲದಲ್ಲಿ ಹಾಕಿಕೊಂಡು ಬಂದ ಪ್ರೆಬೆನ್,
ಏರೋ ದ್ವೀಪದ ಫೆರಿಯಲ್ಲಿ ಮೂವತ್ತು ವರ್ಷ
ಇಂಜಿನ್ನಿಗೆ ಎಣ್ಣೆ ಕುಡಿಸಿದವನು.
ಸ್ವೆನ್‌ಬೋರ್ಗ್ ಬಂದರಿಗೆ ಇಳಿಯುವ ಈ ಬೀದಿಯಲ್ಲಿ
ನನ್ನ ಅಂಗಡಿ ಬಾಗಿಲ ಗಂಟೆ
ದಿನಕ್ಕೆ ನಾಲ್ಕು ಸಲ ಬಾರಿಸಿದರೆ ಅದೇ ಹಬ್ಬ.

'ನೋಡೇ ಗುನ್‌ವೋರ್, ಇದು ಸಕ್ಕರೆ ತಾನೆ?'

ನಿನ್ನೆ ರಾತ್ರಿಯಷ್ಟೇ ತೆರೆದದ್ದಂತೆ.
ಕಂದು ಹೊಗೆಸೊಪ್ಪಿನ ಬಿಲ್ಲೆಗಳ ಮೇಲೆ ಬೆಳ್ಳಗೆ ಏನೋ,
ಹಾಲು ಕಾಯಿಸಿ ತೊಳೆಯದೆ ಬಿಟ್ಟ ಪಾತ್ರೆಯ ಅಂಚಿನಂತೆ.

ಹಳೆಯ ಎಲೆ ಕೆಲವೊಮ್ಮೆ ತನ್ನೊಳಗಿನ ಸಿಹಿಯನ್ನು
ತಾನೇ ಬೆವರುತ್ತದೆ, ಹರಳುಗಟ್ಟುತ್ತದೆ.
ಬರಿಗಣ್ಣಿಗೆ ಅದೂ ಬಿಳಿ, ಬೂಷ್ಟೂ ಬಿಳಿ.
ಅಪ್ಪ ಈ ಭೂತಗನ್ನಡಿ ಕೈಗಿಟ್ಟ ದಿನ ಹೇಳಿದ್ದು ಇಷ್ಟೇ:
ಮಿನುಗಿದ್ದು ಮಾರು, ಮೊಳೆತದ್ದು ಹೂಳು.

ದೀಪ ಎಳೆದುಕೊಂಡೆ. ಡಬ್ಬಿ ಓರೆ ಮಾಡಿದೆ.
ಮಿನುಗಲಿಲ್ಲ.
ಕೂದಲು. ಹಸುಗೂಸಿನ ಕಿವಿಯ ಮೇಲಿರುತ್ತದಲ್ಲ, ಅಂಥ ಕೂದಲು,
ತುದಿಯಲ್ಲಿ ಹಸಿರು ಚುಕ್ಕಿ.
ಮೂಗಿಗೆ ನೆಲಮಾಳಿಗೆ, ಒದ್ದೆ ರಟ್ಟು.

ಪ್ರೆಬೆನ್ ನನ್ನ ಮುಖವನ್ನೇ ನೋಡುತ್ತಿದ್ದ,
ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದಾಗ ನೋಡುವ ಹಾಗೆ.
ಸುಳ್ಳು ನಾಲಗೆ ತುದಿವರೆಗೆ ಬಂದಿತ್ತು. ನುಂಗಿದೆ.

'ಮೇಲಿಂದ ಕೆರೆದರೆ?' ಅಂದ.
ಎಲ್ಲರೂ ಇದನ್ನೇ ಕೇಳುತ್ತಾರೆ, ಎಲ್ಲರ ಅಜ್ಜಿಯೂ ಜಾಮ್ ಕೆರೆದು ತಿಂದವಳೇ.
ಮೇಲೆ ಕಂಡದ್ದು ಹೂವು ಮಾರಾಯ, ಬೇರು ಒಳಗೆಲ್ಲ ಹೋಗಿದೆ,
ಅದನ್ನು ಉರಿಸಿ ಎದೆಗೆ ಎಳೆದುಕೊಳ್ಳುತ್ತೀಯಾ?

ಡಬ್ಬಿಯ ತಳ ತೋರಿಸಿದೆ:
ಸೂಜಿಮೊನೆಯಷ್ಟು ತುಕ್ಕು, ಆಚೆ ಬೆಳಕು.
ಅಷ್ಟು ಸಾಕು. ಸಮುದ್ರದ ಗಾಳಿಗೆ ಬಾಗಿಲು ಬೇಕಿಲ್ಲ.

ಆಮೇಲೆ ಹೇಳಿದ. ನಲವತ್ತೊಂಬತ್ತಕ್ಕೆ ಬಿಟ್ಟನಂತೆ,
ಹೆಂಡತಿ ಇರ್ಮಾಳ ಜೊತೆ ಕರಾರು: ಎಪ್ಪತ್ತಕ್ಕೆ ಮತ್ತೆ ಸೇದಬಹುದು,
ವರ್ಷಕ್ಕೊಂದು ಡಬ್ಬಿ.
ಅವಳೇ ಲೇಬಲ್ ಬರೆದು ಅಂಟಿಸಿದ್ದಳು: ಎಪ್ಪತ್ತು, ಎಪ್ಪತ್ತೊಂದು,
ಹೀಗೆ ಎಪ್ಪತ್ತೇಳರವರೆಗೆ. ಮುಂದಿನದು ಆಗ ನೋಡೋಣ ಅಂದಳಂತೆ.

ಉಳಿದವನ್ನೂ ಇಲ್ಲೇ ತೆಗೆ ಅಂದ.
ಕಾಸಿನ ಅಂಚು ಮುಚ್ಚಳದ ಕೆಳಗಿಟ್ಟು ತಿರುಗಿಸಿದೆ.
ಎಪ್ಪತ್ತೊಂದು. ಸದ್ದಿಲ್ಲ. ಬೂಷ್ಟು.
ಎಪ್ಪತ್ತೆರಡೂ ಹಾಗೇ.
ಎಪ್ಪತ್ಮೂರನ್ನು ಮುಟ್ಟಿದರೆ ಪುಡಿ, ಒಣಗಿ ಸತ್ತಿದೆ.
ಕೈಗೆ ಬಂದದ್ದು ಬಾಯಿಗೆ ಬಾರದವನು
ಕಿಟಕಿಯಾಚೆ ಕಡಲಹಕ್ಕಿಗಳನ್ನು ಎಣಿಸತೊಡಗಿದ.

ಎಪ್ಪತ್ನಾಲ್ಕು:
ಉಸ್ಸ್.
ಇಪ್ಪತ್ತೊಂದು ವರ್ಷ ಬಿಗಿಹಿಡಿದ ಉಸಿರು.
ಅಂಜೂರ, ಕುದುರೆಯ ಜೀನು, ಮಳೆ ನಿಂತ ಮರದ ದಿಮ್ಮಿ.
ಕನ್ನಡಿ ಹಿಡಿದೆ. ಕಪ್ಪು ಎಲೆಯ ಮೇಲೆ ಹರಳು ಹರಳು ಹರಳು.

'ಪೈಪ್ ಎಲ್ಲಿ?' ಅಂದರೆ ತಲೆ ತುರಿಸಿಕೊಂಡ.
ಇರ್ಮಾ ಅದರ ಕಾಂಡದಿಂದ ಲೀಕ್ ಸಸಿಗೆ ತೂತು ಕೊರೆಯುತ್ತಾಳಂತೆ.

ಅಂಗಡಿಯದೊಂದು ಕೊಟ್ಟೆ. ಕಾನೂನು, ಒಳಗೆ ಸೇದುವಂತಿಲ್ಲ.
ಹೊರಗೆ ಸೂರಿನಡಿ ಆರು ಕಡ್ಡಿ ಗಾಳಿಗೆ ಬಲಿಕೊಟ್ಟು
ಏಳನೆಯದರಲ್ಲಿ ಹೊತ್ತಿಸಿದ.
ಗಾಜಿನಾಚೆ ಅವನ ಭುಜ ಮೇಲಕ್ಕೆ ಹೋಯಿತು, ಬಗ್ಗಿತು, ಕೆಮ್ಮು,
ಸೈಕಲ್ಲಿನ ಹುಡುಗಿಯೊಬ್ಬಳು ನಿಂತು ಏನೋ ವಿಚಾರಿಸಿದಳು.

ಒಳಗೆ ಬಂದು ಪೈಪನ್ನು ಕೌಂಟರಿನ ಮೇಲಿಟ್ಟ.
'ಕಹಿ,' ಅಂದ. 'ವಾಸನೆಯೇ ಚೆನ್ನಾಗಿತ್ತು.'
ಎಪ್ಪತ್ನಾಲ್ಕನ್ನು ನನ್ನ ಕಡೆ ತಳ್ಳಿದ,
ತೆರೆಯದ ಮೂರನ್ನೂ.
ಎಪ್ಪತ್ತನ್ನು ಮಾತ್ರ, ಹೊಗೆಸೊಪ್ಪನ್ನು ಬುಟ್ಟಿಗೆ ಸುರಿದು,
ತಳದ ತೂತಿನಿಂದ ಒಮ್ಮೆ ನನ್ನ ನೋಡಿ,
ಲೇಬಲ್ ಒಳಗಾಗುವಂತೆ ಕರವಸ್ತ್ರದಲ್ಲಿ ಸುತ್ತಿ
ಮೀನಿನ ಚೀಲಕ್ಕೆ ಹಾಕಿಕೊಂಡ.

ಬುಟ್ಟಿಯನ್ನು ಆಗಲೇ ಹೊರಗಿಟ್ಟೆ. ಕೌಂಟರನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ,
ಕೈ ಎರಡು ಸಲ.
ಸಂಜೆ ಲೆಕ್ಕ ಬರೆಯಲು ಕನ್ನಡಿ ಎತ್ತಿಕೊಂಡರೆ
ಏಳರ ಅಂಕಿಯ ಮೇಲೆ
ಒಂದು ಬಿಳಿ ಎಳೆ, ಉಸಿರಾಡಿದರೆ ಅಲ್ಲಾಡುತ್ತಿದೆ.