ನಲವತ್ತೆಂಟು ನಿಮಿಷ

ಉಟೆನಾ ಊರಿಗೆ ಬಿಸಿನೀರು ಕಳಿಸುವ ಬಾಯ್ಲರ್ ಮನೆಯಲ್ಲಿ
ರಾತ್ರಿ ಪಾಳಿ ನಮ್ಮಿಬ್ಬರದು: ನಾನು, ಮತ್ತು ಜೆನೋನಾಸ್.
ಹೊರಗೆ ಮೈನಸ್ ಹದಿನೇಳು. ಒಳಗೆ ಮರದ ಚಕ್ಕೆ ಉರಿಯುವ ಸದ್ದು,
ಕಪ್ಪು ಬ್ರೆಡ್ಡು, ಬೆಳ್ಳುಳ್ಳಿ, ಒತ್ತಡದ ಮುಳ್ಳು ಆರರ ಮೇಲೆ.
ಮುಳ್ಳು ಆರರಲ್ಲಿದ್ದರೆ ನನಗೆ ಬಿಡುವು.
ಬಿಡುವಿದ್ದರೆ ನನಗೊಂದು ತಂಡ.

ತಂಡವೆಂದರೆ ಹನ್ನೊಂದು ಹೆಸರು, ಒಂದಷ್ಟು ಅಂಕಿ.
ಅದರಲ್ಲೊಬ್ಬ ಜಿಗಿಂತಾಸ್,
ಹತ್ತೊಂಬತ್ತು ವರ್ಷ, ಎರಡು ಮೀಟರ್ ಹನ್ನೊಂದು.
ಬ್ಲಾಕ್ ಮಾಡುವ ವಿದ್ಯೆಯೆದುರು ಯಂತ್ರ ಬರೆದ ಮಾತು: ‘ಸಾಧಾರಣ’.
ಹನ್ನೆರಡು ವಾರದಿಂದ ಅದೊಂದನ್ನೇ ಕಲಿಸುತ್ತಿದ್ದೇನೆ.
ಬೇರೆ ತಂಡದವರು ನಗುತ್ತಾರೆ: ಶೂಟಿಂಗ್ ಕಲಿಸು, ರೀಬೌಂಡ್ ಕಲಿಸು,
ತಡೆಯುವುದನ್ನು ಯಾರು ಕೊಳ್ಳುತ್ತಾರೆ ಮಾರುಕಟ್ಟೆಯಲ್ಲಿ?

ಇಲ್ಲಿಯ ಕಾನೂನು ಇಷ್ಟೇ: ಆಡಿದರಷ್ಟೇ ಪಾಠ.
ವಾರಕ್ಕೆ ನಲವತ್ತೆಂಟು ನಿಮಿಷ ಅಂಗಳದಲ್ಲಿರಬೇಕು,
ಕಡಿಮೆಯಾದಷ್ಟೂ ಕಲಿತದ್ದು ತೆಳು.
ಆದರೆ ಹುಡುಗನ ಕೈಗೆ ತಾಳ್ಮೆಯಿಲ್ಲ.
‘ತಡೆ’ ಅಂದರೆ ಅಡ್ಡ ನಿಲ್ಲು, ‘ತಡೆ’ ಅಂದರೆ ತುಸು ಕಾಯಿ;
ಅವನಿಗೆ ಮೊದಲನೆಯದಷ್ಟೇ ಗೊತ್ತು.
ಚೆಂಡಿಗೆಂದು ಹೊರಟ ಕೈ ಮಣಿಕಟ್ಟಿಗೆ ಬೀಳುತ್ತದೆ.
ಹೋದ ವಾರ ಮೂವತ್ತೊಂದನೇ ನಿಮಿಷಕ್ಕೆ ಆರನೆಯ ಫೌಲ್,
ಉಳಿದ ಹದಿನೇಳು ಬೆಂಚಿನ ಪಾಲು.
ಅದಕ್ಕೇ ಈ ಸಲ ವಲಯ ರಕ್ಷಣೆ, ನಿಧಾನದ ಆಟ.
ಗೂಳಿಯಂಥ ಅವರ ಸೆಂಟರ್‌ಗೆ ಬೇರೊಬ್ಬನನ್ನು ಒಡ್ಡಿ
ಇವನಿಗೆ, ದೂರದಲ್ಲೇ ನಿಂತು ಎಸೆಯುವ ಸೋಮಾರಿಯೊಬ್ಬನನ್ನು
ಕಾಯಲು ಕೊಟ್ಟೆ.

ಇಪ್ಪತ್ತೆರಡು ವರ್ಷ ಕಾರ್ಖಾನೆ ಲೀಗುಗಳಲ್ಲಿ ಸೀಟಿ ಊದಿದವನು ಜೆನೋನಾಸ್.
ಕನ್ನಡಕ ಒರೆಸಿ, ಪರದೆಗೆ ಬಾಗಿ ಕೇಳಿದ:
“ಇವನಿಗೆ ಮೊಣಕಾಲಿದೆಯೇ?”
ಇಲ್ಲ.
“ಮತ್ತೆ ಹಾರುವುದು ಯಾವುದರಿಂದ?”
ಅಂಕಿಯಿಂದ.
“ಸರಿ. ಫೌಲು ಹೇಳುವವರು ಯಾರು?”
ಅದೂ ಅಂಕಿಯೇ. ದಾಳ ಹಾಕಿದ ಹಾಗೆ.
ತುಸು ಹೊತ್ತು ಉರಿಯ ಸದ್ದೇ ಕೇಳುತ್ತಿತ್ತು.
“ಪುಣ್ಯವಂತ ದಾಳ,” ಎಂದ. “ನಿದ್ದೆ ಕೆಡುವುದಿಲ್ಲ ಅದಕ್ಕೆ.”

ಆಮೇಲೆ, ನಾನು ಕೇಳದೆಯೇ:
“ರೋಕಿಶ್ಕಿಸ್ ಕಡೆಯ ಹಾಲಿನ ಕಾರ್ಖಾನೆಯ ತಂಡ. ಅಲ್ಲೊಬ್ಬ ಹುಡುಗ.
ಕೊನೆಯ ನಿಮಿಷ. ಹಾರಿದ, ತಡೆದ.
ಬರೀ ಚೆಂಡಿನ ಸದ್ದು, ನಾದಿದ ಹಿಟ್ಟನ್ನು ಹಲಗೆಗೆ ಬಡಿದ ಹಾಗೆ.
ಚರ್ಮಕ್ಕೆ ಚರ್ಮ ತಗಲಿದರೆ ಬೇರೆಯದೇ ಸದ್ದು, ನನಗೆ ಗೊತ್ತಿಲ್ಲವೇ.
ಗೊತ್ತಿದ್ದೂ ಊದಿದೆ.
ಸೀಟಿ ಬಾಯಲ್ಲಿತ್ತು, ಉಸಿರು ಹೊರಟಾಗಿತ್ತು.
ಅವನಿಗದು ಐದನೆಯದು. ನಮ್ಮಲ್ಲಿ ಐದೇ.
ಜಗಳವಾಡಲಿಲ್ಲ ಅವನು. ಎತ್ತಿದ ಕೈ ಎತ್ತಿಕೊಂಡೇ
ಬೆಂಚಿನವರೆಗೂ ನಡೆದ.”

ಪಂದ್ಯ ಶುರುವಾಯಿತು. ಶುರುವಾದ ಮೇಲೆ ನನ್ನ ಕೈಯಲ್ಲೇನೂ ಇಲ್ಲ,
ಒಂದೊಂದೇ ಸಾಲಾಗಿ ಇಳಿಯುವ ವರದಿ ಓದುವುದಷ್ಟೇ.
ಜಿಗಿಂತಾಸ್ ತಡೆದ.
ಜಿಗಿಂತಾಸ್ ಫೌಲ್, ಒಂದು. ಮತ್ತೆ ತಡೆದ. ಎರಡು.
ಸೋಮಾರಿಯೆಂದು ನಾನು ನಂಬಿದ್ದವನು ಒಳನುಗ್ಗತೊಡಗಿದ್ದ.
ನಲವತ್ತನೆಯ ನಿಮಿಷಕ್ಕೆ ಐದು.
ಜೆನೋನಾಸ್ ಜಗಿಯುವುದನ್ನು ನಿಲ್ಲಿಸಿದ್ದ.
“ಕೈ ಮೇಲೇ ಇರಲಿ, ಮಗಾ,” ಎಂದ ಪರದೆಗೆ,
“ಮೇಲೇ ಇರಲಿ, ಕೆಳಕ್ಕೆ ತರಬೇಡ. ಚೆಂಡೇ ಬರುತ್ತದೆ ನಿನ್ನ ಹತ್ತಿರ.”
ಕಿವಿಯಿಲ್ಲದ ಹುಡುಗನಿಗೆ ಅದನ್ನು ಎರಡು ಸಲ ಹೇಳಿದ.

ನಲವತ್ತಾರು. ಮತ್ತೆ ನುಗ್ಗಿದ ಅವನು. ಜಿಗಿಂತಾಸ್ ಹಾರಿದ.
ಮುಂದಿನ ಸಾಲು ಬರಲು ಮೂರು ಸೆಕೆಂಡು.
ಅಷ್ಟರಲ್ಲಿ ಮುದುಕನ ಬಲಗೈ ತಾನಾಗಿ ಮೇಲೆದ್ದಿತ್ತು,
ಮುಷ್ಟಿ ಬಿಗಿದು, ಫೌಲಿಗೆ ರೆಫರಿ ಎತ್ತುವ ಹಾಗೆಯೇ.
ನಾನು ಪರದೆ ಬಿಟ್ಟು ಅದನ್ನೇ ನೋಡಿದೆ.
ಬೆರಳು ಒಂದೊಂದಾಗಿ ಬಿಚ್ಚಿಕೊಂಡವು.

ಮುಳ್ಳು ಏಳಕ್ಕೇರಿತ್ತು. ಓಡಿಹೋಗಿ ಕವಾಟ ತಿರುಗಿಸಿ ಬಂದೆ.
ಏನಾಯಿತು ಅಂದರೆ,
“ಕನ್ನಡಕ ಮಂಜಾಗಿದೆ,” ಎಂದ, “ನೀನೇ ಓದು.”