ಸಡಿಲ ತೋಳು

ಚೀಟಿಯಲ್ಲಿ ಬರೆದಿತ್ತು:
ರಾತ್ರಿ ಹತ್ತರ ಮೇಲೆ ಏನೂ ತಿನ್ನಬೇಡಿ, ನೀರೂ ಬೇಡ.
ಬಳೆ, ಉಂಗುರ, ಮೂಗುತಿ ಮನೆಯಲ್ಲೇ ಬಿಟ್ಟು ಬನ್ನಿ.
ತೋಳು ಸಡಿಲವಿರುವ ಬಟ್ಟೆ.
ಜೊತೆಗೊಬ್ಬರು ಇರಲೇಬೇಕು.
ಏಳಕ್ಕೆ ಬಂದರೆ ಮೂರಕ್ಕೆ ಮನೆ.

ಅಷ್ಟೇನಾ ಎಂದೆ.
ಮಣಿಕಟ್ಟಿನಲ್ಲಿ ನರ ಬಿಗಿದಿದೆ ಕೊಟ್ರಮ್ಮ,
ಒಂದು ಹೊಲಿಗೆ ಬಿಚ್ಚಿದಷ್ಟೇ ಕೆಲಸ, ಎಂದರು ಡಾಕ್ಟರು.
ನನಗೆ ತಿಳಿಯುವ ಮಾತಲ್ಲೇ ಹೇಳಿದರು, ಪುಣ್ಯಾತ್ಮರು.

ಮೂವತ್ತೊಂದು ವರ್ಷ ಈ ಬಲಗೈ
ವಿನೋಬನಗರದ ಹೆಂಗಸರ ಅಳತೆ ಇಟ್ಟುಕೊಂಡಿದೆ.
ಯಾರು ಬಸುರಿ, ಯಾರು ಸೊರಗಿದಳು,
ಯಾರು ಬೆನ್ನು ಮುಟ್ಟಿದರೆ ಬೆಚ್ಚುತ್ತಾಳೆ,
ಮನೆಯವರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತು.
ಈಗ ರಾತ್ರಿ ಎರಡಕ್ಕೆ ಬೆರಳು ಜುಮ್ಮೆಂದು ಎಬ್ಬಿಸುತ್ತವೆ.
ಹಗಲು ಕತ್ತರಿ ತಾನೇ ಜಾರುತ್ತದೆ.

ಹದಿನಾಲ್ಕು ರವಿಕೆ ಮುಗಿಸಿ ಕೊಟ್ಟೆ.
ಮದುವೆಯವರ ಮೂರನ್ನು ಚೌಕಿಪೇಟೆಯ ರುದ್ರೇಶಿಗೆ ದಾಟಿಸಿದೆ.
ಅವನು ಕತ್ತರಿಸಿದ ಕೊರಳು ಯಾವತ್ತೂ ಒಂದು ನೂಲು ಎಡಕ್ಕೆ.
ಆಗಲಿ.

ಮೂಗುತಿ ಬರಲಿಲ್ಲ. ಕೊಬ್ಬರಿ ಎಣ್ಣೆ, ಸೋಪು, ಬೈಗುಳ.
ಕಡೆಗೆ ವೀರಭದ್ರಾಚಾರ್ರು ಇಕ್ಕಳದಲ್ಲಿ ತಿರುಪು ಬಿಚ್ಚಿ
ಅಂಗೈ ಮೇಲಿಟ್ಟರು: ಒಂದು ಜೋಳದ ಕಾಳಿನಷ್ಟು.
ಬರಿ ಮೂಗಿನಲ್ಲಿ ನಡೆದು ಬಂದೆ,
ದಾರಿಯುದ್ದ ಮಂಡಕ್ಕಿ ಭಟ್ಟಿಯ ಹೊಗೆ
ಹೊಸದಾಗಿ ವಾಸನೆ ಬಂತು.

ಸಂಜೆ ಎಡಗೈಗೆ ಪಾಠ:
ಲಾಡಿ ಕಟ್ಟು, ಚೊಂಬು ಎತ್ತು, ಬೀಗ ತಿರುಗಿಸು.
ಶಾಲೆಗೆ ಬಿಟ್ಟ ಮೊದಲ ದಿನದ ಕೂಸಿನ ಹಾಗೆ
ಅದು ಬಲಗೈಯನ್ನೇ ನೋಡುತ್ತಿತ್ತು.

ಇನ್ನು ಸಡಿಲ ತೋಳು.
ಪೆಟ್ಟಿಗೆಯೆಲ್ಲ ತಡಕಿದೆ, ಒಂದೂ ಇಲ್ಲ.
ನನ್ನವೆಲ್ಲ ಮಿಕ್ಕ ತುಂಡಿನವು,
ಯಾರದೋ ಸೀರೆಯ ಉಳಿದ ಬಣ್ಣ, ಕಂಕುಳಿಗೆ ತೇಪೆ.
ಒಂದು ರೊಟ್ಟಿ ಮುಗಿಸಿ
ಮಡಿಸಿಟ್ಟಿದ್ದ ಸಾಸಿವೆ ಹೂವಿನ ಬಣ್ಣದ ಬಟ್ಟೆ ತೆಗೆದೆ,
ಟೇಪನ್ನು ನನ್ನ ತೋಳಿಗೇ ಸುತ್ತಿದೆ.
ಹೇಳಲು ನಾಚಿಕೆ:
ನನ್ನ ಅಳತೆ ನನಗೆ ಗೊತ್ತಿರಲಿಲ್ಲ.
ಭುಜದಿಂದ ಅಂಚಿನವರೆಗೆ ತೋಳು ಸೀಳಿಟ್ಟೆ,
ಪಟ್ಟಿ ಸುತ್ತಿದ ಕೈ ತೂರಲೆಂದು ಆರು ಪ್ರೆಸ್ ಗುಂಡಿ.
ನಾಲ್ಕನೆಯದಕ್ಕೆ ಕೈ ಮರಗಟ್ಟಿತು, ಕೊಡವಿಕೊಂಡೆ.
ಹತ್ತಕ್ಕೆ ಎರಡು ನಿಮಿಷವಿರುವಾಗ
ಬೇಸಿಗೆಯ ಎಮ್ಮೆಯ ಹಾಗೆ ಒಂದು ಚೊಂಬು ನೀರು ಕುಡಿದೆ.

ಬೆಳಿಗ್ಗೆ ರೈಲ್ವೆ ಗೇಟು ಹಾಕಿತ್ತು. ಮುಗಿಯದ ಗೂಡ್ಸು ಗಾಡಿ.
ಆಟೋದಲ್ಲಿ ಪಕ್ಕಕ್ಕೆ ಖೈರುನ್ನಿಸಾ,
ಪಿಕೋ ಅಂಗಡಿಗೆ ಬೀಗ ಹಾಕಿ ಬಂದವಳು,
ತೊಡೆಯ ಮೇಲೆ ಡಬ್ಬಿ:
‘ಇದು ಆಮೇಲೆ. ಈಗ ಮೂಸೀ ಗೀಸೀಯೆ.’

ಫಾರಮ್ಮಿನಲ್ಲಿ ಜೊತೆಗೆ ಬಂದವರ ಹೆಸರು, ಮುಂದೆ ಸಂಬಂಧ.
ಅಕ್ಕನಾ, ತಂಗಿನಾ? ಕೇಳಿದಳು ಕಿಟಕಿಯ ಹುಡುಗಿ.
ಹದಿನೆಂಟು ವರ್ಷ ಒಂದೇ ಗೋಡೆ, ಒಂದೇ ಕರೆಂಟ್ ಮೀಟರು,
ಆ ಮೀಟರಿಗಾಗಿ ಆರು ತಿಂಗಳು ಮಾತು ಬಿಟ್ಟದ್ದೂ ಉಂಟು.
ಖೈರುನ್ನಿಸಾ ನನ್ನ ಮುಖ ನೋಡಿದಳು.
‘ಪಕ್ಕದ ಮಿಷನ್ನು ಅಂತ ಬರ್ಕಳಮ್ಮ.’

ಒಳಗೆ ಡಾಕ್ಟರು ಅಂಗೈ ಬುಡದಲ್ಲಿ ನೀಲಿ ಗೆರೆ ಎಳೆದರು,
ನಾನು ಸುಣ್ಣದ ಬಿಲ್ಲೆಯಲ್ಲಿ ಎಳೆಯುವ ಹಾಗೇ,
ಉಸಿರು ಬಿಗಿಹಿಡಿದು, ಒಂದೇ ಸಲಕ್ಕೆ.
ನರ್ಸು ತೋಳಿನ ಗುಂಡಿ ಟಕ್ ಟಕ್ ಬಿಚ್ಚುತ್ತ ನಿಂತಳು.
ಎಷ್ಟು ಚೆನ್ನಾಗಿದೆ, ಎಲ್ಲಿ ಹೊಲಿಸಿದ್ದು?
ನಾಲಿಗೆ ಒಣಗಿತ್ತು.
ಗೆರೆ ಎಳೆದ ಕೈ ಎತ್ತಿ ತೋರಿಸಿದೆ.