ಅಂಟಿಕೊಂಡ ಹಾಳೆಗಳು

ಕಾರವಾರದ ಕಚೇರಿ ರಸ್ತೆಯಲ್ಲಿ, ಛತ್ರಿ ರಿಪೇರಿಯವನ ಪಕ್ಕ,
ಕುಂದಾಬಾಯಿಯ ಝೆರಾಕ್ಸ್ ಅಂಗಡಿ.
ನಾನಲ್ಲಿ ಸ್ಪೈರಲ್ ಹಾಕುವವ.
ತೂತು ಕೊರೆಯುವುದು, ಸುರುಳಿ ತೂರಿಸುವುದು,
ತುದಿ ಮಡಚುವುದು. ಅಷ್ಟೇ ನನ್ನ ವಿದ್ಯೆ.

ಬಾಯಿಗೊಂದು ಕೆಟ್ಟ ಚಾಳಿ:
ಗಾಜಿನ ಮೇಲೆ ಮಗುಚಿಡುವ ಮೊದಲು
ಕಾಗದ ಓದುತ್ತಾಳೆ. ಪೂರ್ತಿಯಲ್ಲ,
ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವಷ್ಟು.
ತಪ್ಪಲ್ಲವಾ ಬಾಯಿ, ಅಂದರೆ
"ತಪ್ಪೇ" ಅನ್ನುತ್ತಾಳೆ, ಮುಂದಿನ ಹಾಳೆ ತೆಗೆಯುತ್ತ.

ನವರಾತ್ರಿ ಹತ್ತಿರದ ಆ ಮಂಗಳವಾರ
ಸಾಲಿನಲ್ಲಿ ಮೊದಲು ಸುಂಕೇರಿಯ ಆಗ್ನೇಲ್ ಮಾಮ,
ಬಂದರಿನ ನೌಕರಿ ಮುಗಿಸಿ ಹನ್ನೆರಡು ವರ್ಷ;
ಬಗಲಲ್ಲಿ ಬಿಸ್ಕೀಟಿನ ಡಬ್ಬ, ಡಬ್ಬದ ತುಂಬ ನೋಟ್‌ಬುಕ್ಕು:
ದಿನಕ್ಕೆರಡು ಭರತ, ಎರಡು ಇಳಿತ,
ಯಾರೂ ಕೇಳದಿದ್ದರೂ ಬರೆದಿಟ್ಟದ್ದು.
"ಗೆದ್ದಲು ಮುಟ್ಟುವ ಮೊದಲು ಒಂದು ಪ್ರತಿ ಇರಲಿ."

ಹಿಂದೆ ಕೋಡಿಬಾಗದ ಸಮೀನಾ,
ಅಳಿವೆಯ ಉಪ್ಪನ್ನು ಬಾಟಲಿಯಲ್ಲಿ ಅಳೆಯುವ ಹುಡುಗಿ.
ಕೈಯಲ್ಲಿ ಎರಡು ವರ್ಷದ ಲೆಕ್ಕ;
ಅದಕ್ಕೂ ಹಿಂದಿನದು ಎಲ್ಲಿ ಎಂದು
ಅಂಚಿನಲ್ಲಿ ಗೈಡಿನ ಕೆಂಪು ಪ್ರಶ್ನೆ.

ಅವಳ ಹಿಂದೆ, ಕುಮಟೆ ಕಡೆಯ ಗಜನಿಯಿಂದ
ಬೆಳಗಿನ ಬಸ್ಸಿಗೆ ಬಂದ ಬುಧವಂತಿ ಗೌಡ.
ಸಾಹೇಬರಿಗೊಂದು ಅರ್ಜಿ, ಯಾರೋ ಬರೆದುಕೊಟ್ಟದ್ದು:
ತೆನೆ ಕಟ್ಟುವ ಮೊದಲೇ ಜಂತ್ರಡಿ ದಾಟಿ ಉಪ್ಪುನೀರು,
ಕಗ್ಗ ಭತ್ತವೂ ತಾಳದಷ್ಟು,
ಮೊದಲೆಲ್ಲ ಹೀಗಿರಲಿಲ್ಲ.

ಮೊದಲೆಲ್ಲ. ಬಾಯಿಯ ಬೆರಳು ಆ ಶಬ್ದದ ಮೇಲೆ ನಿಂತಿತು.
ಅಷ್ಟರಲ್ಲಿ ಕರೆಂಟು ಹೋಯಿತು.

ಹೊರಗೆ ಗುಡುಗು, ಅಡ್ಡಮಳೆ; ಹೊರಡುವ ಹಾಗಿಲ್ಲ.
ಬಾಯಿ ಮೂರೂ ಕಾಗದ ಪಕ್ಕಪಕ್ಕ ಇಟ್ಟು
ಬೀಗರ ಗುರುತು ಮಾಡಿಸುವ ಧಾಟಿಯಲ್ಲಿ,
"ಇದು ಇವರ ಸಮುದ್ರ, ಇದು ಇವಳ ಉಪ್ಪು, ಇದು ಇವರ ಗದ್ದೆ.
ಮೂವರೂ ಒಂದೇ ನೀರಿನ ಹಿಂದೆ ಬಿದ್ದಿದ್ದೀರಿ.
ಚಹ ಹೇಳಲಾ?"

ಯಾರೂ ಮಾತಾಡಲಿಲ್ಲ.
ಆಗ್ನೇಲ್ ಮಾಮ ಡಬ್ಬ ಎದೆಗೊತ್ತಿಕೊಂಡರು.
"ನನ್ನ ಅರ್ಜಿ ಓದೂಕೆ ನಿಂಗೆ ಯಾರು ಹೇಳದ್ರು?"
ಬುಧವಂತಿ ಕೇಳಿದ್ದು ನ್ಯಾಯವೇ.
ಬಾಯಿ ತಲೆ ತಗ್ಗಿಸಿದಳು, ಚಹ ಮಾತ್ರ ಬಂತು.

ಲೋಟ ಅರ್ಧವಾದಾಗ ಸಮೀನಾ, ಮೆಲ್ಲಗೆ,
"ನೀರು ಉಪ್ಪಾಯಿತೆಂದು ನಿಮಗೆ ಹೇಗೆ ತಿಳಿಯುತ್ತದೆ?"
"ನಾಲಗೆ ಇಲ್ವಾ? ಮತ್ತೆ, ಏಡಿ.
ಏಡಿ ಬಿಲ ತೋಡೂ ಜಾಗ ಬದಲಾಗ್ತದೆ."
ಹುಡುಗಿ ಪೆನ್ನು ಹುಡುಕಿದಳು.
ಡಬ್ಬದ ಮುಚ್ಚಳ ಕಿರ್ರೆಂದಿತು:
"ಯಾವ ಹುಣ್ಣಿಮೆಗೆ, ಹೇಳಿ."

ಕರೆಂಟು ಬಂದದ್ದು ಯಾರಿಗೂ ಬೇಕಿರಲಿಲ್ಲ.

ಆಮೇಲೆ ಮಂಗಳವಾರ ಮಂಗಳವಾರ ಹಿಂಬದಿಯ ಬೆಂಚು.
ಡೀಸೆಲ್ ಬಿಲ್ಲಿನ ಪ್ರತಿಗೆ ಬಂದ ಬೈತಕೋಲದ ಪುರ್ಸು
ಎಂಜಿನ್ ಬಿಚ್ಚುವ ಕೈಯಲ್ಲೇ
ಜಂತ್ರಡಿಗೊಂದು ತೇಲುವ ಅಳತೆಕೋಲು ಮಾಡಿದ.
ಎಲ್ಲ ಜೋಡಿಯೂ ಕೂಡಲಿಲ್ಲ:
ಜೇನು ಸಾಕುವ ವಕೀಲರಿಗೂ ಗಡಿಯಾರದ ಉಲ್ಲಾಸನಿಗೂ
ಬಾಯಿಯೇ ಪರಿಚಯ ಮಾಡಿಸಿದ್ದು,
ಇವತ್ತಿಗೂ ಇಬ್ಬರಿಗೆ ಮಾತಿಲ್ಲ.
ಅರ್ಜಿಗೆ ಉತ್ತರ ಬಂದಿಲ್ಲ.
ಎರಡನೇ ಅರ್ಜಿಗೆ ನಲವತ್ತು ಪುಟ ಲಗತ್ತು;
ಸ್ಪೈರಲ್ಲಿಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ತೂತು ಕೊರೆಯುತ್ತಿದ್ದೆ ಮೊನ್ನೆ. ಬುಧವಂತಿ ಇತ್ತ ತಿರುಗಿ,
"ತಮಾ, ನಿಂದೆಂತದು?"
ಏಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಏನಿಲ್ಲ ಅನ್ನಲು ಹೋದವ ಅಂದುಬಿಟ್ಟೆ:
ಮಳೆಗಾಲದಲ್ಲಿ ಕಾಗದಕ್ಕೆ ಏನಾಗುತ್ತದೆ?
ಒಂದನ್ನು ಎಳೆದರೆ ಎರಡು ಯಾಕೆ ಬರುತ್ತವೆ?

ಯಾರೂ ನಗಲಿಲ್ಲ.
ಆಗ್ನೇಲ್ ಮಾಮ ಕನ್ನಡಕ ಒರೆಸಿದರು.
ಪುರ್ಸು ಬೆಂಚಿನಲ್ಲಿ ಕೊಂಚ ಸರಿದ.